ವಿಲ್ಫ್ ಆಡದ ಮಾತು

೧೪ ನವೆಂಬರ್ ೧೯೭೪, ಗುರುವಾರ

ಠಾಣೆಯಲ್ಲಿ ಕೊಟ್ಟಿದ್ದನ್ನು ಸುಮ್ಮನೆ ಟೈಪ್ ಮಾಡಿ ಬರಬೇಕಿತ್ತು. ನನ್ನ ಹಾಳು ಬಾಯಿ.

ಕಾಲುವೆಯ ಹತ್ತಿರ ಹೆಣವಾಗಿ ಸಿಕ್ಕಿದ ಹುಡುಗಿಯನ್ನು ತಾನೇ ಕೊಂದೆ ಎಂದು ನಮ್ಮ ಬೀದಿಯ ಗಿರಣಿ ಕೆಲಸಗಾರ ವಿಲ್ಫ್ ಬ್ಯಾರಕ್ಲಫ್ ಒಪ್ಪಿಕೊಂಡನಂತೆ. ಅವನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ಪೆಲಮ್ ನನ್ನ ಮೇಜಿನ ಮೇಲಿಟ್ಟು, "ಅವನು ಹೇಳಿದ್ದೇ, ಅಕ್ಷರ ಬಿಟ್ಟಿಲ್ಲ," ಎಂದರು. ಅದರಲ್ಲಿತ್ತು: 'ರಾತ್ರಿ ಡಿನ್ನರ್ ಮುಗಿಸಿ ಕಾಲುವೆಗೆ ಹೋದೆ.'

ನಮ್ಮ ಯಾರ್ಕ್‌ಷೈರಿನ ಗಿರಣಿಯವರಿಗೆ ಡಿನ್ನರ್ ಎಂದರೆ ಮಧ್ಯಾಹ್ನದ ಊಟ. ಸಂಜೆಯ ಊಟಕ್ಕೆ ಟೀ ಅನ್ನುತ್ತೇವೆ. ರಾತ್ರಿ ಡಿನ್ನರ್ ಮಾಡುವವರು ಲಂಡನ್ನಿನಿಂದ ಬಂದ ಪೆಲಮ್‌ನಂಥವರು. ಆ ಮಾತು ವಿಲ್ಫನದಲ್ಲವೇ ಅಲ್ಲ.

"ಸಾರ್, ವಿಲ್ಫ್ ಹೀಗೆ ಹೇಳಿರಲ್ಲ. ನಾವು ಅದಕ್ಕೆ ಟೀ ಅಂತೀವಿ," ಎಂದೆ. ಸಿಕ್ಕಿಬಿದ್ದೆನಲ್ಲ ಎಂದು ಬೆವರುತ್ತಾರೆ ಅಂದುಕೊಂಡಿದ್ದೆ.

ಪೆಲಮ್ ನಕ್ಕುಬಿಟ್ಟರು. "ಭಲೇ ಡೋರೀನ್! ಕೋರ್ಟಲ್ಲಿ ಮಾನ ಹೋಗ್ತಿತ್ತು. ಟೀ ಅಂತ್ಲೇ ಹಾಕು. ಇನ್ನೆಲ್ಲಾದ್ರೂ ಅವನ ಥರ ಇಲ್ದಿದ್ರೆ ಅದನ್ನೂ ಸರಿ ಮಾಡ್ಬಿಡಮ್ಮ."

ಬೀದಿಗೆ ಬಿದ್ದೇನೆಂಬ ಭಯದಲ್ಲಿ ತಿದ್ದಿದೆ. ಇನ್ನೂ ನಾಲ್ಕು ಕಡೆ ತಿದ್ದಿದೆ.

ಅಮ್ಮ ಕೆಳಗಿನಿಂದ ಎರಡು ಸಲ ಕೂಗಿದಳು, "ಟೀ ಆರಿಹೋಗ್ತಿದೆ ಬಾರೇ!" ನಾನಿನ್ನೂ ಕೆಳಗಿಳಿದಿಲ್ಲ.

ಈಗ ಆ ಹೇಳಿಕೆ ಓದಿದರೆ ವಿಲ್ಫನ ದನಿಯೇ ಕೇಳಿಸುತ್ತದೆ. ಅವನ ಹೆತ್ತ ತಾಯಿಯೂ ನಂಬುತ್ತಾಳೆ.