ಗೋಣಿಕಟ್ಟಿಯ ರಸ್ತೆಯಲ್ಲಿ ಹಿಂದೆ ಸರಿಯಲಾರದವರು

ಗೋಣಿಕಟ್ಟಿ ನಗರ,
ಫೆಬ್ರುವರಿ 30, 2193

ಹೆದ್ದಾರಿಯ ನಕ್ಷೆಯ ಮೇಲೆ ಗೆರೆ ಎಳೆಯುವ ಸಾಹೇಬರ ಸನ್ನಿಧಾನಕ್ಕೆ, ಗೋಣಿಕಟ್ಟಿಯ ರುದ್ರಗೌಡ ಕಟಗಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬೇರಿಸಬೇಡಿ. ಸಣ್ಣದೆಂಬ ಒಂದೇ ಕಾರಣಕ್ಕೆ ಶತಮಾನಗಟ್ಟಲೆ ಕಡೆಗಣಿಸಲ್ಪಟ್ಟಿದ್ದ ಫೆಬ್ರುವರಿಗೆ ನಮ್ಮ ಕಾಲದಲ್ಲಿ ನ್ಯಾಯ ಸಿಕ್ಕಿದೆ. ಆ ಹೋರಾಟದ ಮುಂದಾಳು ನಮ್ಮೂರೇ ಎಂದು ಬೇರೆ ಹೇಳಬೇಕಿಲ್ಲ. ಬರಹದಲ್ಲಿ ನಿಮಗೆ ಗೊತ್ತಿಲ್ಲದ ಒಂದೆರಡು ಮಾತು ನುಸುಳಿದರೆ ಕ್ಷಮಿಸಿ, ಬಂದ ಕಡೆಯೇ ಅರ್ಥ ಹೇಳುತ್ತ ಹೋಗುತ್ತೇನೆ. ಎಷ್ಟು ಪ್ರಯತ್ನಪಟ್ಟರೂ ನಿಮ್ಮ ಕಚೇರಿಯ ಪತ್ರಗಳಷ್ಟು ಕಠಿಣವಾಗಿ ಬರೆಯುವುದು ನನ್ನಿಂದಾಗದು.

ಈ ಕಾಗದ ನಿಮ್ಮ ಕಾಲಕ್ಕೆ ಬಂದದ್ದು ಹಿಮ್ಮುಖ ಅಂಚೆಯಲ್ಲಿ. ದೇಶದ ಜಾಣರೆಲ್ಲ ಕೂಡಿ ಪತ್ರವನ್ನು ಕಾಲದಲ್ಲಿ ಹಿಂದಕ್ಕೆ ಓಡಿಸಲು ಹೆಣಗಿ ಕೈಚೆಲ್ಲಿದಾಗ, ಅದನ್ನು ಮಾಡಿ ತೋರಿಸಿದವರು ನಮ್ಮೂರಿನ ಡ್ರೈವರುಗಳು. ಹಿಂದಕ್ಕೆ ಓಡಿಸುವುದರಲ್ಲಿ ನಮ್ಮನ್ನು ಮೀರಿಸುವವರು ಭೂಮಿಯ ಮೇಲಿಲ್ಲ. ಆ ವಿದ್ಯೆ ಕಲಿಸಿದ ಗುರುಗಳು ತಾವೇ ಆಗಿರುವುದರಿಂದ ಮೊದಲ ಪತ್ರ ತಮಗೇ ಸಲ್ಲತಕ್ಕದ್ದೆಂದು ನಗರಸಭೆ ಠರಾವು ಮಾಡಿದೆ.

ಈಗ ನಿಮ್ಮ ಮೇಜಿನ ಮೇಲೆ ನಮ್ಮ ಹಿರಿಯರದೊಂದು ಮನವಿ ಬಿದ್ದಿದೆ. ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದೀರಿ, ದಯವಿಟ್ಟು ಎತ್ತಿ ನೋಡಿ. ನಗರಸಭೆ, ಎರಡು ಕಾಲೇಜು, ಹತ್ತಿ ಜಿನ್ನು, ಶೇಂಗಾ ಎಣ್ಣೆಯ ಗಿರಣಿ ಎಲ್ಲ ಇರುವ ಊರು ನಮ್ಮದು. ನಿಮ್ಮ ಆರು ಪಥದ ಹೆದ್ದಾರಿ ನಲವತ್ತು ಕಿಲೋಮೀಟರು ಆಚೆ, ನಮ್ಮ ಕಡೆ ಕಣ್ಣೆತ್ತಿಯೂ ನೋಡದೆ ಹೋಗುತ್ತದೆ. ಅದನ್ನು ಮುಟ್ಟಲು ನಮಗಿರುವುದು ಎರಡು ಗಾಡಿ ಎದುರಾದರೆ ಎರಡೂ ನಿಲ್ಲುವಂಥ ರಸ್ತೆ. ಅದನ್ನು ನಾಲ್ಕು ಪಥ ಮಾಡಿಕೊಡಿ ಎಂಬುದು ಬೇಡಿಕೆ. ಬರುವ ವಾರ ನೀವು ಕೊಡಲಿರುವ ಉತ್ತರವನ್ನು ನಮ್ಮ ಮಕ್ಕಳು ಮಗ್ಗಿಯ ಜೊತೆ ಬಾಯಿಪಾಠ ಮಾಡುತ್ತಾರೆ: “ಸದರಿ ನಗರಕ್ಕೆ ವಾಹನ ಸಂಚಾರ ಸಾಲದಿರುವುದರಿಂದ ಸದರಿ ಮನವಿಯನ್ನು ಪುರಸ್ಕರಿಸಲು ಬರುವುದಿಲ್ಲ.” ರಸ್ತೆಯಿಲ್ಲವೆಂದು ಗಾಡಿ ಬರುವುದಿಲ್ಲ, ಗಾಡಿ ಬರುವುದಿಲ್ಲವೆಂದು ರಸ್ತೆಯಿಲ್ಲ. ತಮ್ಮ ತರ್ಕಕ್ಕೆ ನಾವು ಇಂದಿಗೂ ಕೈಮುಗಿಯುತ್ತೇವೆ.

ನಿಮ್ಮ ಉತ್ತರ ಬಂದು ಹದಿನೈದು ವರ್ಷಗಳ ಮೇಲೆ ನಿಂಗವ್ವ ಎಂಬ ಗರ್ಭಿಣಿಯನ್ನು ಆಂಬುಲೆನ್ಸಿನಲ್ಲಿ ಆ ರಸ್ತೆಯ ಮೇಲೆ ದೊಡ್ಡಾಸ್ಪತ್ರೆಗೆ ಒಯ್ಯುತ್ತಿದ್ದರು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರು ಬಂತು. ಇದರ ಹಿಂದೊಂದು ಸಾಲು, ಅದರ ಹಿಂದೊಂದು ಸಾಲು. “ನೀ ಸರಿ”, “ನೀ ಸರಿಯಲೇ” ಎಂದು ಎರಡೂ ಕಡೆಯವರು ಕೂಗಾಡುತ್ತಿದ್ದಾಗ ಒಳಗೆ ಕೂಸು ಹುಟ್ಟಿತು, ತಾಯಿ ಉಳಿಯಲಿಲ್ಲ. ಆ ಕೂಸು ನನ್ನ ಮುತ್ತಜ್ಜ. ತಪ್ಪು ಯಾರದೆಂದು ಊರು ಕೂತು ಯೋಚಿಸಿತು. ಟ್ರ್ಯಾಕ್ಟರಿನವನದಲ್ಲ, ಆಂಬುಲೆನ್ಸಿನವನದಲ್ಲ, ರಸ್ತೆಯದು. ರಸ್ತೆಯನ್ನು ಹಿಡಿದು ಬಾರಿಸಲು ಬರುವುದಿಲ್ಲ. ಬಾರಿಸಬೇಕಾದವರು ದೂರದ ಕಚೇರಿಯಲ್ಲಿದ್ದರು, ಅಲ್ಲಿಗೆ ಹೋಗಲು ರಸ್ತೆ ಸರಿಯಿರಲಿಲ್ಲ. ಹೀಗಾಗಿ ಕಾಯುವುದೆಂದು ತೀರ್ಮಾನವಾಯಿತು.

ಕಾಯುತ್ತಲೇ ಜನ ಗುದ್ದಲಿ ಹಿಡಿದು ರಸ್ತೆಯ ಮಗ್ಗುಲಿಗೆ ಅಲ್ಲಲ್ಲಿ ತಂಗು ಕಡಿದರು. ತಂಗು ಎಂದರೆ ಒಂದು ಗಾಡಿ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ಜಾಗ. ನಿಂಗವ್ವ ಸತ್ತ ಕಡೆ ಕಡಿದ ಮೊದಲನೆಯದಕ್ಕೆ ಅವಳ ಹೆಸರಿನ ಕಲ್ಲು ನೆಟ್ಟರು. ಅಂದಿನಿಂದ ನಮ್ಮ ರಸ್ತೆಯಲ್ಲಿ ವಾದ ನಿಷಿದ್ಧ. ಗಾಡಿಗಳು ಮುಖಾಮುಖಿಯಾದರೆ ಯಾರ ಬೆನ್ನಿಗೆ ತಂಗು ಹತ್ತಿರವೋ ಅವರು ಹಿಂದೆ ಸರಿಯಬೇಕು, ಮುಂದೆ ಹೋದವರು ಅವರಿಗೆ ಮಜ್ಜಿಗೆ ಕೊಡಬೇಕು. ರೋಗಿಯಿರುವ ಗಾಡಿಗೆ ಮಾತ್ರ ಎಲ್ಲರೂ ಸರಿಯಬೇಕು. ಈಗ ನಮ್ಮಲ್ಲಿ ವರ ನೋಡಲು ಹೋದವರು ಹುಡುಗನ ಓದು ಕೇಳುವುದಿಲ್ಲ, ಮೂರು ತಿರುವು ಹಿಂದಕ್ಕೆ ಓಡಿಸಿ ತೋರಿಸು ಎನ್ನುತ್ತಾರೆ. ನಗರಸಭೆಯ ಅಧ್ಯಕ್ಷರು ಮೆರವಣಿಗೆಯಲ್ಲಿ ಬರುವುದೂ ಹಿಮ್ಮುಖವಾಗಿಯೇ, ಬೆನ್ನ ಹಿಂದೆ ಯಾರು ಏನು ಮಾಡುತ್ತಿದ್ದಾರೆಂದು ಅವರಿಗೂ ಕಾಣುತ್ತಿರಲಿ ಎಂದು.

ಇತ್ತ ನಿಮ್ಮ ಆರು ಪಥ ಬೆಳೆದು ಹದಿನಾರಾಗಿ ಮಹಾಪಥ ಎನಿಸಿಕೊಂಡಿತು. ಅಲ್ಲೀಗ ಗಾಡಿಗಳು ಎಷ್ಟಿವೆಯೆಂದರೆ ಒಮ್ಮೆ ಹತ್ತಿದವರಿಗೆ ಇಳಿಯಲು ಸಂದು ಸಿಗುವುದಿಲ್ಲ. ಏಳನೆಯ ಪಥದಲ್ಲಿ ಹುಟ್ಟಿ ಒಂಬತ್ತನೆಯ ಪಥಕ್ಕೆ ಸೊಸೆಯಾಗಿ ಹೋದವರಿದ್ದಾರೆ. ತವರಿಗೆ ಬರಲು ಎಂಟನೆಯ ಪಥದವರು ದಾರಿ ಬಿಡುವುದಿಲ್ಲವೆಂದು ಅವರ ಗೋಳು. ಉಸಿರುಗಟ್ಟಿದ ಮಹಾಪಥ ಮಂಡಳಿ ಗಾಡಿಗಳನ್ನು ಬೇರೆ ಕಡೆ ಹರಿಸಲು ನಕ್ಷೆ ಬಿಡಿಸಿ ನೋಡಿತು. ಇದ್ದದ್ದೊಂದೇ ಜಾಗ, ಗೋಣಿಕಟ್ಟಿ. ಆದರೆ ನಮ್ಮ ಕಾಲದ ಕಾನೂನಿನಂತೆ ಊರಿನವರು ಸಭೆ ಸೇರಿ ಒಪ್ಪದೆ ಅಲ್ಲೊಂದು ಬುಟ್ಟಿ ಜಲ್ಲಿಯನ್ನೂ ಸುರಿಯುವಂತಿಲ್ಲ.

ಒಪ್ಪಿಗೆ ಪಡೆಯಲು ಕಳೆದ ವಾರ ಮಂಡಳಿಯ ಅಧ್ಯಕ್ಷರು ಖುದ್ದಾಗಿ ದಯಮಾಡಿಸಿದರು. ಹೆಸರು ಪ್ರಣೀತ್ ರಾಯರು. ತಮ್ಮ ಮರಿಮೊಮ್ಮಗನ ಮೊಮ್ಮಗ. ಮೂಗು ನಿಮ್ಮದೇ ಎಂದು ಹಳೆಯ ಭಾವಚಿತ್ರ ನೋಡಿದವರು ಹೇಳಿದರು. ಮನೆಯಷ್ಟು ದೊಡ್ಡ ಗಾಡಿಯಲ್ಲಿ ಅಧಿಕಾರಿಗಳನ್ನು ತುಂಬಿಕೊಂಡು ಬಂದವರು ನಿಂಗವ್ವನ ತಂಗು ದಾಟಿ ನಾಲ್ಕು ಮಾರು ಬಂದಿರಲಿಲ್ಲ, ಎದುರಿಗೆ ನಮ್ಮ ಸೋದರತ್ತೆ ಶಾವಂತ್ರೆವ್ವನ ಉಳ್ಳಾಗಡ್ಡಿ, ಎಂದರೆ ಈರುಳ್ಳಿ, ಹೇರಿದ ಗಾಡಿ ಬಂತು. ಊರು ನೋಡಲು ನೆರೆಯಿತು.

“ಸಾಹೇಬ್ರ, ತಂಗು ನಿಮ್ಮ ಬೆನ್ನಿಗೇ ಐತಿ. ಹಿಂದ ಸರೀರಿ” ಎಂದಳು ಅತ್ತೆ.

“ನಮ್ಮ ಗಾಡೀಲಿ ಹಿಂದಿನ ಗೇರಿಲ್ಲಮ್ಮ” ಎಂದರು ರಾಯರು. ಮಹಾಪಥದಲ್ಲಿ ಹಿಂದೆ ಸರಿಯುವ ಪ್ರಸಂಗವೇ ಬರುವುದಿಲ್ಲವೆಂದು ಅವರು ಅದನ್ನು ಎಂದೋ ತೆಗೆದುಹಾಕಿದ್ದಾರಂತೆ.

“ಗೇರಿಲ್ಲಾ? ಹುಟ್ಟಾನ ಇಲ್ಲೇನು, ಯಾರರ ಕಿತ್ಗೊಂಡಾರೋ?”

ಕಾರ್ಯದರ್ಶಿಯೊಬ್ಬ ಇಳಿದು ಬಂದ. “ಅಜ್ಜಿ, ರೋಗಿ ಇದ್ರೆ ದಾರಿ ಬಿಡ್ಬೇಕಲ್ವಾ? ಸಾಹೇಬ್ರಿಗೆ ಬಿ.ಪಿ. ಇದೆ.”

“ನನಗೂ ಐತಿ ತಮ್ಮಾ. ನಾವಿಬ್ರೂ ಕುಂಡ್ರತೀವಿ, ನೀ ಗಾಡಿ ನೂಕು.”

ರಾಯರು ಮೆತ್ತಗೆ ಕೇಳಿದರು: “ನಿಮಗೆ ಹಿಂದಕ್ಕೆ ಓಡಿಸೋಕೆ ಬರುತ್ತಲ್ಲಮ್ಮ?”

“ಬರತೈತ್ರಿ. ಭಾಳ ಚೊಲೊ ಬರತೈತಿ. ಆದ್ರ ಇವತ್ತ ಒಲ್ಲೆ.”

ಕೊನೆಗೆ ರಾಯರು ಕೋಟು ಬಿಚ್ಚಿದರು. ಅಧಿಕಾರಿಗಳೊಂದಿಗೆ ತಾವೂ ಗಾಡಿಯ ಮೂತಿಗೆ ಭುಜ ಕೊಟ್ಟು ಹಿಂದಕ್ಕೆ ನೂಕಿದರು. ಅತ್ತೆ ಉಳ್ಳಾಗಡ್ಡಿ ಚೀಲದ ಮೇಲೆ ಕುಳಿತು ದಾರಿ ತೋರಿಸುತ್ತಿದ್ದಳು. “ಬಲಕ್ಕ ತಗೋರಿ, ಬಲಕ್ಕ! ಅಯ್ಯ, ನಿಮ್ಮ ಬಲ ಅಲ್ರೀ, ಗಾಡೀದು!” ಸೇರಿದವರು ಕಣ್ಣೊರೆಸಿಕೊಂಡು ನಕ್ಕರು. ಇಷ್ಟು ತಲೆಮಾರು ಕಾದು ಉಂಡ ಊಟದ ರುಚಿ ನಿಮಗೆ ಬರೆದು ತಿಳಿಸಲು ಸಾಧ್ಯವಿಲ್ಲ.

ಗಾಡಿ ತಂಗಿಗೆ ಸೇರಿತು. ಅತ್ತೆ ಪದ್ಧತಿಯಂತೆ ಮಜ್ಜಿಗೆ ಕೊಟ್ಟಳು. ಕುಡಿಯುತ್ತ ರಾಯರು ಕಲ್ಲು ನೋಡಿ, “ನಿಂಗವ್ವ ಅಂದ್ರೆ ಯಾರು?” ಎಂದರು.

“ನಮ್ಮಜ್ಜನ ಅವ್ವ. ದವಾಖಾನಿಗೆ ಹೊಂಟಿದ್ಲು. ದಾರಿ ಸಿಗಲಿಲ್ಲ.”

ರಾಯರು ಲೋಟ ಕೆಳಗಿಟ್ಟರು.

ಸಭೆ ಅಲ್ಲೇ ರಸ್ತೆಯ ಮೇಲೆ ನಡೆಯಿತು. ನಗರಸಭೆಯ ಅಧ್ಯಕ್ಷರು ಎದ್ದು ನಿಂತು, ಈ ರಸ್ತೆಯಲ್ಲಿ ಇಂದು ಕಂಡ ವಾಹನಗಳು ಮಂಡಳಿಯದೊಂದು, ಉಳ್ಳಾಗಡ್ಡಿಯದೊಂದು ಎಂದು ಘೋಷಿಸಿದರು. ಮುಂದಿನದನ್ನು ಅವರು ಹೇಳಬೇಕಾಗಲಿಲ್ಲ. ಹಲ್ಲಿಲ್ಲದ ಮುದುಕರಿಂದ ಹಿಡಿದು ಹಾಲುಹಲ್ಲಿನ ಮಕ್ಕಳವರೆಗೆ ಎಲ್ಲರೂ ಒಂದೇ ರಾಗದಲ್ಲಿ ಒಪ್ಪಿಸಿದರು: “ವಾಹನ ಸಂಚಾರ ಸಾಲದಿರುವುದರಿಂದ ಸದರಿ ಮನವಿಯನ್ನು ಪುರಸ್ಕರಿಸಲು ಬರುವುದಿಲ್ಲ!”

ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಜನ ಚದುರಿದ ಮೇಲೆ ಅತ್ತೆ ಕಲ್ಲಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿ, “ನಮಗೇನೋ ಚೊಲೊ ಆತು ರುದ್ರಾ. ಇದರಾಗ ಈಕೀಗೆ ಏನ್ ಸಿಕ್ತು?” ಎಂದಳು. ಅದಕ್ಕೆ ಉತ್ತರ ನಿಮ್ಮಲ್ಲಿದೆ. ನಿಮ್ಮ ಕಾಲದಲ್ಲಿ ನಿಂಗವ್ವ ಇನ್ನೂ ಆರನೆಯ ಕ್ಲಾಸಿನಲ್ಲಿ ಓದುತ್ತಿದ್ದಾಳೆ, ಬಸ್ಸಿನ ಕಿಟಕಿಯ ಸೀಟಿಗಾಗಿ ಜಗಳವಾಡುತ್ತಾಳೆ. ಆ ಬಸ್ಸು ಓಡುವುದೂ ಅದೇ ರಸ್ತೆಯ ಮೇಲೆ.

ಸಾಹೇಬರೇ, ಚಹಾದ ಕಪ್ಪು ಎತ್ತಿ ಒಂದು ಗೆರೆ ಎಳೆಯಿರಿ. ಎಳೆದರೆ ನಮ್ಮ ತಂಗುಗಳು, ಮಜ್ಜಿಗೆ, ಈ ಸೇಡು ಯಾವುದೂ ಇರುವುದಿಲ್ಲ. ಬಿಟ್ಟುಕೊಡಲು ಊರು ಒಪ್ಪಿದೆ, ಅತ್ತೆ ಮಾತ್ರ ಒಂದು ನಿಟ್ಟುಸಿರು ಬಿಟ್ಟಳು. ಎಳೆಯದಿದ್ದರೆ ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುತ್ತೇವೆ. ಆಗ ಒಂದು ಉಪಕಾರ ಮಾಡಿ. ನಿಮ್ಮ ಮಕ್ಕಳಿಗೆ, ಅವರ ಮಕ್ಕಳಿಗೆ ಗಾಡಿ ನೂಕುವುದನ್ನಾದರೂ ಕಲಿಸಿ. ಪ್ರಣೀತ್ ರಾಯರ ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ನಮ್ಮಿಂದ ನೋಡಲಾಗಲಿಲ್ಲ. ಸುಳ್ಳೇಕೆ, ಸರದಿಯಲ್ಲಿ ನಿಂತು ನೋಡಿದೆವು.

ತಮ್ಮ ದಾರಿ ಕಾಯುತ್ತಿರುವ,
ರುದ್ರಗೌಡ ಕಟಗಿ