ಐಸಿಗೆ ಜಾಗವಿಲ್ಲದ ಬೋಟುಗಳು

ಅಬುಧಾಬಿ,
ಬುಧವಾರ

ಪ್ರೀತಿಯ ಲೋಲಾಕ್ಷಿ,

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಕೆಲಸ ಬಿಟ್ಟು ಊರಿಗೆ ಬರುತ್ತಿರುವ ರೋಷನ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನಾವು ಬೋಟು ಕಟ್ಟುವ ಯಾರ್ಡಿನಲ್ಲಿ ಆರು ಮೀನುಗಾರಿಕೆ ಬೋಟುಗಳು ಸಿದ್ಧವಾಗಿವೆ. ಕೊಂಡವರು ಹಿಂದೆ ಬ್ರಿಟಿಷರ ಕೈಕೆಳಗಿದ್ದ ಒಂದು ದ್ವೀಪದ ಸರ್ಕಾರದವರು. ತಮಗೆ ಸ್ವಂತ ನೌಕಾಪಡೆ ಬೇಕೇ ಬೇಡವೇ ಎಂದು ಅಲ್ಲಿನ ಸಂಸತ್ತಿನಲ್ಲಿ ತಿಂಗಳಿಂದ ಜಗಳ. "ಬ್ರಿಟಿಷರನ್ನೇ ಹೊರಗೆ ಕಳಿಸಿದ ಮೇಲೆ ಈ ಬಂದೂಕು ಯಾರ ಮೇಲೆ?" ಎಂದು ವಯಸ್ಸಾದ ಸದಸ್ಯೆಯೊಬ್ಬರು ಕೇಳಿದ್ದನ್ನು ಟಿವಿಯಲ್ಲಿ ನೋಡಿದೆ. ಕೊಂಡದ್ದು ಮೀನಿನ ಬೋಟು ಮಾತ್ರ ಎಂದು ಮಂತ್ರಿ ನಕ್ಕ. ಮತದಾನ ಸೋಮವಾರ.

ಮಲ್ಪೆಯಲ್ಲಿ ಹುಟ್ಟಿದವನಿಗೆ ಮೀನಿನ ಬೋಟು ಗೊತ್ತಿಲ್ಲವೇ? ಇವುಗಳಲ್ಲಿ ಐಸ್ ತುಂಬಲು ಜಾಗವೇ ಇಲ್ಲ. ಮುಂಭಾಗದಲ್ಲಿ ಬೆಸೆದಿರುವ ಕಬ್ಬಿಣದ ಪೀಠ ಬಲೆ ಎಳೆಯುವ ಯಂತ್ರಕ್ಕಲ್ಲ. ಫೋರ್‌ಮನ್ ಸರ್ವೋತ್ತಮಣ್ಣನಿಗೆ ಹೇಳಿದೆ. "ನಿನಗೆಂತಕ್ಕೆ ಮಾರಾಯಾ ಅದೆಲ್ಲ? ಹೇಳಿದ್ದು ಮಾಡು, ಖಲಾಸ್" ಎಂದರು.

ಬೋಟುಗಳು ಶುಕ್ರವಾರವೇ ಹೊರಡುತ್ತವೆ. ಇಂಜಿನ್ ನೋಡಿಕೊಳ್ಳಲು ನಾನೂ ಹೋಗಬೇಕಂತೆ. ನನ್ನ ಪಾಸ್‌ಪೋರ್ಟ್ ಆಫೀಸಿನವರು ತೆಗೆದುಕೊಂಡಿದ್ದಾರೆ.

ಮಗಳು ಅಮಿತಾಳ ಕಣ್ಣಿನ ಪರೀಕ್ಷೆಯನ್ನು ಮುಂದೂಡಬೇಡ.

ನಿನ್ನೆ ಒಂದು ಫಾರಂ ತುಂಬಿಸಿಕೊಂಡರು. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು ಅದರಲ್ಲಿತ್ತು. ನಿನ್ನ ನಂಬರ್ ಬರೆಯಲು ಮನಸ್ಸು ಬರಲಿಲ್ಲ, ರೋಷನ್‌ನ ಊರಿನ ನಂಬರ್ ಬರೆದೆ. ಈ ಪತ್ರ ಕೊಟ್ಟು ಹೋದ ಮೇಲೆ ಅವನು ಮತ್ತೆ ಬಾಗಿಲಿಗೆ ಬಂದರೆ, ಮಗಳನ್ನು ಪಕ್ಕದ ಮನೆಗೆ ಕಳಿಸಿ ಆಮೇಲೆ ಅವನನ್ನು ಒಳಗೆ ಕರೆ.

ನಿನ್ನವನೇ ಆದ,
ಪೃಥ್ವಿರಾಜ್