ಸ್ಟ್ರೆಚರ್ ಒಂದೇ ಇತ್ತು

ಮಾರ್ಚ್ 3
ಆಕ್ಸಿಜನ್ ನೋಡಿದೆ. ಗಂಟಲಿನ ಕಫ ಎಳೆಯುವ ಸಕ್ಷನ್ ನೋಡಿದೆ. ಗ್ಲೌಸ್ ಡಬ್ಬಿ ಮತ್ತೆ ಖಾಲಿ... ಆಂಬುಲೆನ್ಸ್ ಓಡಿಸುವ ಪೈಲಟ್ ಗೊಣಗುತ್ತಲೇ ತಂದುಕೊಟ್ಟರು.

ಮೊದಲ ಕಾಲ್ ಫ್ಯಾಕ್ಟರಿಯಿಂದ. ಒಬ್ಬ ತಲೆಸುತ್ತಿ ಬಿದ್ದಿದ್ದ. ಸುತ್ತ ನಿಂತವರೆಲ್ಲ ಸಲಹೆ ಕೊಡುವ ಡಾಕ್ಟರುಗಳೇ. ಮೊದಲು ನೆಲ ನೋಡಿದೆ — ವೈರ್ ಇಲ್ಲ, ಎಣ್ಣೆ ಇಲ್ಲ. ಆಮೇಲೆ ಮನುಷ್ಯ. ಮಾತಾಡಿಸಿದೆ. ಬಾಯಿ, ಉಸಿರು, ನಾಡಿ. ಶುಗರ್ ಇಳಿದಿತ್ತು. ಗ್ಲೂಕೋಸ್ ಒಳಗೆ ಹೋಗಿದ್ದೇ ತಡ ಕಣ್ಣು ಬಿಟ್ಟು, "ನನ್ನ ಚಪ್ಪಲಿ ಎಲ್ಲಿ?" ಅಂದ.

ಮನೆಯಲ್ಲಿ ಹೇಳಿದರೆ ತಮ್ಮನಿಗೆ ನಗು. "ನಿನ್ ಎದ್ರು ನಿದ್ದೆ ಮಾಡೋಕೂ ಭಯ ಕಣೇ. ಬಂದು ನಾಡಿ ಹಿಡೀತೀಯ."

ಮಾರ್ಚ್ 9, ಸಂಜೆ
ಯೂನಿಫಾರ್ಮ್ ಇನ್ನೂ ಬಿಚ್ಚಿಲ್ಲ. ಮೊದಲು ಬರೆದುಬಿಡುತ್ತೇನೆ.

ಬೈಕ್, ಸ್ಕೂಟರ್ ಡಿಕ್ಕಿ. ಇಬ್ಬರಿಗೆ ಪೆಟ್ಟು. ಹತ್ತಿರ ಇದ್ದದ್ದು ನಮ್ಮ ಗಾಡಿ ಮಾತ್ರ. ಇಳಿಯುವ ಮೊದಲೇ ಯಾರೋ ಚೀರುವುದು ಕೇಳಿಸಿತು. ಆ ದನಿ ಗೊತ್ತಿತ್ತು.

ತಮ್ಮ.

ಬೈಕಿನ ಪಕ್ಕ ಬಿದ್ದಿದ್ದ. ಎಡಗಾಲು ಮೊಣಕಾಲಿನ ಕೆಳಗೆ ತಿರುಚಿಕೊಂಡಿತ್ತು. ನನ್ನ ಬಾಯಿಂದ ಬಂದದ್ದು ದಿನನಿತ್ಯದ ಮಾತು — "ನಿಮ್ಮ ಹೆಸರೇನು?"

"ಅಕ್ಕಾ, ನಾನು ಕಣೇ!"

ಚೀರುತ್ತಿದ್ದಾನೆ, ಅಂದರೆ ಉಸಿರಿಗೆ ಅಡ್ಡಿಯಿಲ್ಲ. ಕೈಯ ನಾಡಿ ಗಟ್ಟಿ. ರಕ್ತ ಹೆಚ್ಚು ಹೋಗಿಲ್ಲ. ಪಾದದ ಮೇಲೆ ಬೆರಳಿಟ್ಟೆ. ಅಲ್ಲೂ ನಾಡಿ ಸಿಕ್ಕಿತು. ಕಾಲು ಅಲುಗದಂತೆ ಪಟ್ಟಿ ಕಟ್ಟಲು ಪೈಲಟ್‌ಗೆ ಹೇಳಿ ಎದ್ದೆ.

"ಎಲ್ಲಿಗೆ ಹೋಗ್ತೀಯೇ?"

ಫುಟ್‌ಪಾತಿನ ಮೇಲೆ ಸ್ಕೂಟರಿನ ಹೆಂಗಸು ಕುಳಿತಿದ್ದರು. ಮಡಿಲಲ್ಲಿ ಬ್ಯಾಗು. ಮೈಮೇಲೆ ಗೀರೂ ಇಲ್ಲ. "ನಂಗೇನಾಗಿಲ್ಲ. ಆ ಹುಡುಗನ್ನ ನೋಡಮ್ಮ ಮೊದ್ಲು."

ಮುಖ ಬಿಳಿಚಿತ್ತು. ಕೈ ತಣ್ಣಗೆ, ಬೆವರು. ನಾಡಿ ದಾರದಷ್ಟು ತೆಳು, ಒಂದೇ ಸಮನೆ ಓಡುತ್ತಿತ್ತು. ಹೊಟ್ಟೆ ಮುಟ್ಟಿದೆ — ಹಲಗೆಯಂತೆ ಬಿಗಿ. ಒಳಗೆ ರಕ್ತ ಸೋರುತ್ತಿದೆ.

ಸ್ಟ್ರೆಚರ್ ಒಂದೇ. ಆ ಕಾಲಿನಲ್ಲಿ ತಮ್ಮನನ್ನು ಕೂರಿಸಿ ಒಯ್ಯುವಂತಿಲ್ಲ.

ಪೈಲಟ್ ನನ್ನ ಮುಖ ನೋಡಿದರು. "ಯಾರನ್ನಮ್ಮ?"

"ಇವರನ್ನ."

ಇನ್ನೊಂದು ಗಾಡಿ ಕರೆದೆ. ಪೊಲೀಸಿನವರೊಬ್ಬರನ್ನು ತಮ್ಮನ ಪಕ್ಕ ಕೂರಿಸಿದೆ. ಬಾಗಿಲು ಎಳೆದುಕೊಂಡೆ. ಅವನ ಕಡೆ ನೋಡಲಿಲ್ಲ.

ಮಾರ್ಚ್ 10
ಆ ಹೆಂಗಸು ಉಳಿದರು. ಹೊಟ್ಟೆಯ ಎಡಗಡೆಯ ಸ್ಪ್ಲೀನ್ ಒಡೆದಿತ್ತಂತೆ.

ಎರಡನೇ ಗಾಡಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದು ಮುಟ್ಟುವಷ್ಟರಲ್ಲಿ ತಮ್ಮನ ಕಾಲು ಬಾತಿತ್ತು. ಪಾದ ತಣ್ಣಗಾಗಿತ್ತು. ಅಲ್ಲಿ ನಾಡಿ ಇರಲಿಲ್ಲ.

ಮಾರ್ಚ್ 13
ತಮ್ಮನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕಾರಿಡಾರಿನಲ್ಲಿ ಅಮ್ಮ ಅಂದಳು, "ಗಾಡಿ ನಿನ್ನ ಕೈಲೇ ಇತ್ತಲ್ಲೇ." ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 2
ಮನೆಗೆ ಬಂದಿದ್ದಾನೆ. ನಾನು ಕೈ ಚಾಚಿದರೆ ಗೋಡೆ ಹಿಡಿಯುತ್ತಾನೆ. ಏನು ಬೇಕಾದರೂ ಅಮ್ಮನೇ ಬರಬೇಕು.

"ನೀನು ಮಾಡಿದ್ದು ಸರಿ ಕಣಮ್ಮ" ಎನ್ನುತ್ತಾರೆ ಪೈಲಟ್. ಆ ಸರಿಯನ್ನು ಈ ಮನೆಯಲ್ಲಿ ಎಲ್ಲಿಡಲಿ?

ಏಪ್ರಿಲ್ 27
ಆ ಹೆಂಗಸು ಬಂದಿದ್ದರು, ಗಂಡನ ತೋಳು ಹಿಡಿದುಕೊಂಡು. ಅಮ್ಮ ನೀರು ಕೊಟ್ಟಳು, ಕೂತ್ಕೊಳ್ಳಿ ಅನ್ನಲಿಲ್ಲ. ತಮ್ಮನೇ ಕುರ್ಚಿ ತೋರಿಸಿದ.

ಮಡಚಿದ ಪ್ಯಾಂಟಿನ ಕಾಲು ಕಂಡದ್ದೇ ಅಳು ಬಂತು ಅವರಿಗೆ. "ನಿನ್ನನ್ನೇ ಮೊದ್ಲು ಕರ್ಕೊಂಡು ಹೋಗ್ಬೇಕಿತ್ತಪ್ಪ."

"ಅಳ್ಬೇಡಿ ಆಂಟಿ. ಸಿಗ್ನಲ್ ಹಾರಿಸಿ ಗುದ್ದಿದ್ದು ನಾನು."

ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಯಾರಿಗೂ ಹೇಳಿರಲಿಲ್ಲ ಅವನು, ಇಷ್ಟು ದಿನ.

ಅವರು ಹೋದ ಮೇಲೆ ನನ್ನ ಕಡೆ ನೋಡದೆ ಕೇಳಿದ, "ಅವತ್ತು ಅವ್ರನ್ನ ಬಿಟ್ಟು ನನ್ನ ಕರ್ಕೊಂಡು ಹೋಗಿದ್ರೆ... ಅವ್ರು?"

"ಉಳೀತಿರಲಿಲ್ಲ."

ಅಮ್ಮ ಎರಡು ತಟ್ಟೆಗೆ ಬಡಿಸಿದಳು. ಆಮೇಲೆ, ಇಷ್ಟು ದಿನ ಬಿಟ್ಟಿದ್ದ ನನ್ನ ತಟ್ಟೆಗೂ.

ಏಪ್ರಿಲ್ 28, ಬೆಳಿಗ್ಗೆ
ಡ್ಯೂಟಿಗೆ ಹೊತ್ತಿದೆ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಕುರ್ಚಿಯ ಮೇಲಿದೆ, ನಾನು ಮಾಡಿದ್ದಲ್ಲ. ಅಮ್ಮ ಅಡುಗೆಮನೆಯಲ್ಲಿದ್ದಾಳೆ. ತಮ್ಮನ ರೂಮಿನಲ್ಲಿ ಊರುಗೋಲು ಬಿದ್ದ ಸದ್ದು.

"ಅಕ್ಕಾ... ಸ್ವಲ್ಪ ಹಿಡ್ಕೊಳೇ, ಎದ್ದು ನಿಲ್ಬೇಕು."

ಅಮ್ಮ ಅಲ್ಲ. ಅಕ್ಕ ಅಂದ. ಬಂದೆ ಅಂದೆ. ಪೆನ್ನು ಇಡುತ್ತೇನೆ.